ರಾಜಕಾರಣಿಯು ನ್ಯಾಯಾಧೀಶನಾಗಬಹುದೆ?

ನಮ್ಮ ಕಲಬುರ್ಗಿ ಜಿಲ್ಲೆಯಲ್ಲಿ ವಕೀಲರು ಕರಿಯ ಕೋಟನ್ನು ಕಳಚಿ ಖಾದಿ ತೊಡುವುದು ಹೊಸ ಸಂಗತಿಯಲ್ಲ. ಚಿಂಚೋಳಿಯ ವೀರೇಂದ್ರ ಪಾಟೀಲರು ವಕೀಲರು; 1968ರಲ್ಲಿ ರಾಜ್ಯದ ಮುಖ್ಯಮಂತ್ರಿಗಳಾದರು. ನೆರೆಯ ಜೇವರ್ಗಿ ತಾಲೂಕಿನ ನೇಲೋಗಿಯ ಧರ್ಮಸಿಂಗರೂ ವಕೀಲರು. 2004ರಲ್ಲಿ ಅದೇ ಪದವಿಯನ್ನೇರಿದರು. ಮಲ್ಲಿಕಾರ್ಜುನ ಖರ್ಗೆಯವರು ವಕೀಲಿಯ ಮೊದಲ ಪಾಠಗಳನ್ನು ಕಲಿತದ್ದು ಶಿವರಾಜ ಪಾಟೀಲರ ಕಚೇರಿಯಲ್ಲಿ. ಆ ಕಚೇರಿಯ ಹಿರಿಯರು 2000ದಲ್ಲಿ ಸುಪ್ರೀಮ್ ಕೋರ್ಟಿನ ನ್ಯಾಯಾಧೀಶರಾದರು. ಕಿರಿಯರು ರಾಜಕಾರಣದಲ್ಲಿ ಬೆಳೆದು 2022ರಲ್ಲಿ ಕಾಂಗ್ರೆಸ್ಸಿನ ಅಧ್ಯಕ್ಷರಾಗಿ ಆಯ್ಕೆಯಾದರು. ಒಂದೇ ಕಚೇರಿಯಿಂದ ಹೊರಟ ಎರಡು ದಾರಿಗಳಿವು. ಇವೆರಡೂ ಬೇರೆ ಬೇರೆಯಾಗಿ ಉಳಿಯಬೇಕೆಂಬುದು ಸಾಮಾನ್ಯರ ಭಾವನೆ. ಹಾಗಿದ್ದರೆ ಒಬ್ಬನೇ ಮನುಷ್ಯನು ಎರಡೂ ದಾರಿಗಳಲ್ಲಿ ನಡೆಯಬಹುದೆ? ನಡೆದರೆ ನ್ಯಾಯಕ್ಕೆ ಕುಂದು ಬಾರದೆ? ಈ ಪ್ರಶ್ನೆಯನ್ನು ಕುರಿತು ನನಗೆ ತೋಚಿದ ನಾಲ್ಕು ಮಾತುಗಳನ್ನು ಹೇಳುವುದೇ ಈ ಲೇಖನದ ಉದ್ದೇಶ.

ಇದು ದಿಲ್ಲಿಯವರ ಚರ್ಚೆ, ಅಫಜಲಪುರದ ವಿದ್ಯಾರ್ಥಿಗಳಿಗೆ ಇದರಿಂದ ಆಗಬೇಕಾದುದೇನು ಎಂದು ಕೆಲವರು ಕೇಳಬಹುದು. ಆಗಬೇಕಾದುದು ಬಹಳವಿದೆ. ನಮ್ಮ ತಾಲೂಕಿನ ರೈತನು ಕೋರ್ಟಿನ ಮೆಟ್ಟಿಲು ಹತ್ತುವುದು ಅಣ್ಣತಮ್ಮಂದಿರ ಪಾಲಿಗಾಗಿ, ಬದುವಿನ ತಕರಾರಿಗಾಗಿ ಮಾತ್ರವಲ್ಲ. ಭೀಮಾ ನದಿಗೆ ಸೊನ್ನದ ಬಳಿ ಬ್ಯಾರೇಜು ಬಂದಿತು, ಕಾಲುವೆಗಳು ಬಂದವು, ರಸ್ತೆಗಳು ಅಗಲವಾದವು. ಇವೆಲ್ಲ ಬೇಕಾದುವೇ. ಆದರೆ ಪ್ರತಿಯೊಂದಕ್ಕೂ ಯಾರದೋ ಹೊಲ ಹೋಗುತ್ತದೆ, ಅದರ ಪರಿಹಾರದ ಮೊತ್ತಕ್ಕಾಗಿ ಮುಕದ್ದಮೆ ಹುಟ್ಟುತ್ತದೆ. ಅಂಥ ಮುಕದ್ದಮೆಯಲ್ಲಿ ಎದುರು ಪಕ್ಷದವರು ಯಾರು? ಸರಕಾರವೇ. ನಮ್ಮ ಮನೆತನದ ಮೂರು ಎಕರೆ ಎರೆಹೊಲ ಹೀಗೆಯೇ ಹೋಯಿತು. ನನ್ನ ಅಜ್ಜನವರು ಪೇಶಿಯ ದಿನ ರೊಟ್ಟಿಯ ಗಂಟು ಕಟ್ಟಿಕೊಂಡು ಬಸ್ಸು ಹತ್ತುತ್ತಿದ್ದರು. ಒಮ್ಮೆ ನಾನು, "ಅಜ್ಜಾ, ಸರಕಾರದ ಮ್ಯಾಲ ನೀವು ಗೆಲ್ತೀರೇನು?" ಎಂದು ಕೇಳಿದ್ದೆ. "ಗೆಲ್ಲೂದು ಸೋಲೂದು ಆಮ್ಯಾಲಿನ ಮಾತು ತಮ್ಮಾ. ಕುರ್ಚಿ ಮ್ಯಾಲ ಕೂತಾವ ಸರಕಾರದ ಕಡಿ ಮನಶಾ ಆಗಿರಬಾರದು, ಅಷ್ಟ ಸಾಕು" ಎಂದರು. ಶಾಲೆಯ ಮುಖ ಕಾಣದ ಮುದುಕರ ಈ ಮಾತಿನಲ್ಲಿ ನ್ಯಾಯಾಂಗದ ಸ್ವಾತಂತ್ರ್ಯವೆಂಬ ದೊಡ್ಡ ತತ್ತ್ವ ಪೂರ್ತಿಯಾಗಿ ಅಡಗಿದೆ. ಆದ್ದರಿಂದ ಪ್ರಶ್ನೆ ನಮ್ಮದೂ ಹೌದು.

ಎರಡೂ ದಾರಿಗಳಲ್ಲಿ ನಡೆದ ಮಹನೀಯರೊಬ್ಬರು ನಮ್ಮ ಕನ್ನಡ ನಾಡಿನಲ್ಲಿಯೇ ಇದ್ದರು. ಅವರೇ ಕೌಡೂರು ಸದಾನಂದ ಹೆಗ್ಡೆಯವರು. ಜನನ 1909ರ ಜೂನ್ 11, ಅಂದಿನ ದಕ್ಷಿಣ ಕನ್ನಡದ ಕಾರ್ಕಳ ತಾಲೂಕಿನ ಕೌಡೂರು. ಊರ ಶಾಲೆಯಲ್ಲಿ, ಕಾರ್ಕಳದಲ್ಲಿ ಓದಿ, ಮಂಗಳೂರಿನ ಸಂತ ಅಲೋಶಿಯಸ್ ಕಾಲೇಜನ್ನು ದಾಟಿ, ಮದ್ರಾಸಿನಲ್ಲಿ ಅರ್ಥಶಾಸ್ತ್ರವನ್ನೂ ಕಾನೂನನ್ನೂ ಕಲಿತರು. ತಮ್ಮ ಜಿಲ್ಲೆಯಲ್ಲಿಯೇ ವಕೀಲಿ ಆರಂಭಿಸಿದರು. ಕಾಂಗ್ರೆಸ್ಸನ್ನು ಸೇರಿದರು. ಸರಕಾರಿ ವಕೀಲರೂ ಆಗಿದ್ದರು. 1952ರಲ್ಲಿ ರಾಜ್ಯಸಭೆಯು ಮೊದಲ ಬಾರಿಗೆ ಕೂಡಿದಾಗ ಅದರ ಸದಸ್ಯರಲ್ಲಿ ಒಬ್ಬರಾದರು. 1954ರಲ್ಲಿ ವಿಶ್ವಸಂಸ್ಥೆಯ ಮಹಾಸಭೆಗೆ ಹೋದ ಭಾರತದ ನಿಯೋಗದಲ್ಲಿಯೂ ಇದ್ದರು. ಇಲ್ಲಿಯವರೆಗಿನ ಜೀವನವು ಆ ಕಾಲದ ಅನೇಕ ವಕೀಲ ರಾಜಕಾರಣಿಗಳ ಜೀವನದಂತೆಯೇ ಇದೆ.

1957ರ ಆಗಸ್ಟಿನಲ್ಲಿ ಅವರು ರಾಜ್ಯಸಭೆಯನ್ನು ಬಿಟ್ಟು ಮೈಸೂರು ಹಾಯ್‌ಕೋರ್ಟಿನ ನ್ಯಾಯಾಧೀಶರಾದರು. ಅದಕ್ಕೆ ಒಂಬತ್ತು ತಿಂಗಳ ಹಿಂದೆ, 1956ರ ನವೆಂಬರ್ 1ರಂದು, ಕಲಬುರ್ಗಿ ಜಿಲ್ಲೆಯು ಹೈದರಾಬಾದು ರಾಜ್ಯದಿಂದ ಬಿಡುಗಡೆ ಹೊಂದಿ ಮೈಸೂರು ರಾಜ್ಯಕ್ಕೆ ಸೇರಿತ್ತು. ನಮ್ಮ ಅಪೀಲುಗಳು ಹೈದರಾಬಾದಿನ ಬದಲು ಬೆಂಗಳೂರಿಗೆ ಹೋಗತೊಡಗಿದ್ದವು. ಆದ್ದರಿಂದ ಕರಾವಳಿಯಲ್ಲಿ ಹುಟ್ಟಿದ ಈ ನ್ಯಾಯಾಧೀಶರು ಕುಳಿತಿದ್ದ ಕೋರ್ಟು ನಮ್ಮ ಅಫಜಲಪುರ, ಆಳಂದ, ಜೇವರ್ಗಿಗಳ ಕೋರ್ಟೂ ಆಗಿದ್ದಿತು. 1966ರಲ್ಲಿ ದಿಲ್ಲಿ ಹಾಯ್‌ಕೋರ್ಟು ಸ್ಥಾಪಿತವಾದಾಗ ಹೆಗ್ಡೆಯವರು ಅದರ ಪ್ರಥಮ ಮುಖ್ಯ ನ್ಯಾಯಾಧೀಶರಾದರು. 1967ರ ಜುಲೈಯಲ್ಲಿ ಸುಪ್ರೀಮ್ ಕೋರ್ಟಿಗೆ ಏರಿದರು.

ನಿನ್ನೆ ಕಾಂಗ್ರೆಸ್ ಸದಸ್ಯ, ಇಂದು ಕಾಂಗ್ರೆಸ್ ಸರಕಾರದ ಕಾಲದಲ್ಲಿ ನ್ಯಾಯಾಧೀಶ! ಇದನ್ನು ಕಂಡು ಹುಬ್ಬೇರಿಸಿದವರು ಇದ್ದರೆ ಅವರನ್ನು ದೂರುವಂತಿಲ್ಲ. ಆದರೆ ಆ ಮೇಲಿನ ಹದಿನಾರು ವರ್ಷಗಳು ಆ ಸಂಶಯಕ್ಕೆ ಉತ್ತರ ಕೊಟ್ಟವು. 1969ರಲ್ಲಿ ಹದಿನಾಲ್ಕು ಬ್ಯಾಂಕುಗಳನ್ನು ಸರಕಾರವು ರಾಷ್ಟ್ರೀಕರಿಸಿತು. ಆ ಕಾನೂನಿನ ಪ್ರಶ್ನೆ ಹನ್ನೊಂದು ಮಂದಿ ನ್ಯಾಯಾಧೀಶರ ಮುಂದೆ ಬಂದಾಗ 1970ರಲ್ಲಿ ಹತ್ತು ಮಂದಿ ಅದನ್ನು ತಳ್ಳಿಹಾಕಿದರು. ಹೆಗ್ಡೆಯವರು ಆ ಹತ್ತರಲ್ಲಿ ಒಬ್ಬರು. ಅದೇ ವರ್ಷ ಮಾಜಿ ಅರಸರ ರಾಜಧನವನ್ನು ರಾಷ್ಟ್ರಪತಿಗಳ ಆಜ್ಞೆಯಿಂದ ನಿಲ್ಲಿಸಿದ ಪ್ರಶ್ನೆ ಬಂದಾಗಲೂ ಅವರು ಸರಕಾರದ ವಿರುದ್ಧವೇ ತೀರ್ಪಿತ್ತರು. ಬ್ಯಾಂಕುಗಳ ರಾಷ್ಟ್ರೀಕರಣ ಒಳ್ಳೆಯದೋ ಕೆಟ್ಟದೋ, ಅರಸರಿಗೆ ರಾಜಧನ ಬೇಕೋ ಬೇಡವೋ ಎಂಬುದು ಬೇರೆ ವಿಚಾರ. ಈ ತೀರ್ಪುಗಳನ್ನು ಒಪ್ಪದವರೂ ಒಂದು ಮಾತನ್ನು ಒಪ್ಪಬೇಕು: ತನ್ನನ್ನು ಬೆಳೆಸಿದ ಪಕ್ಷದ ಸರಕಾರವು ಎದುರು ನಿಂತಾಗ ಈ ನ್ಯಾಯಾಧೀಶರ ಕೈ ನಡುಗಲಿಲ್ಲ.

ಅವರ ತೀರ್ಪುಗಳಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಾಣುವುದು 1969ರ ಏಪ್ರಿಲಿನಲ್ಲಿ ಬಂದ ಕ್ರೈಪಾಕ್ ಪ್ರಕರಣದ ತೀರ್ಪು. ಪತ್ರಿಕೆಗಳ ದೊಡ್ಡ ಅಕ್ಷರಗಳಿಗೆ ಒದಗುವ ಸಂಗತಿ ಅದರಲ್ಲಿಲ್ಲ. ಜಮ್ಮು ಕಾಶ್ಮೀರದ ಅರಣ್ಯಾಧಿಕಾರಿಗಳಲ್ಲಿ ಕೆಲವರನ್ನು ಭಾರತೀಯ ಅರಣ್ಯ ಸೇವೆಗೆ ಆರಿಸಬೇಕಾಗಿತ್ತು. ಆರಿಸುವ ಮಂಡಳಿಯಲ್ಲಿ ಕುಳಿತಿದ್ದ ಹಿರಿಯ ಅಧಿಕಾರಿಯೊಬ್ಬನು ತಾನೂ ಅಭ್ಯರ್ಥಿಯೇ ಆಗಿದ್ದನು! ತನ್ನ ಹೆಸರಿನ ವಿಚಾರ ಬಂದಾಗ ಆತನು ಎದ್ದು ಹೋದನು. ಆದರೆ ಪ್ರತಿಸ್ಪರ್ಧಿಗಳ ಹೆಸರು ಬಂದಾಗ ಕುಳಿತೇ ಇದ್ದನು. ಪಟ್ಟಿಯನ್ನು ಕ್ರಮವಾಗಿ ಜೋಡಿಸುವಾಗಲೂ ಇದ್ದನು. ಪಟ್ಟಿಯ ಮೊದಲ ಹೆಸರು ಯಾರದಿದ್ದಿತೆಂಬುದನ್ನು ವಾಚಕರು ಊಹಿಸಬಲ್ಲರು. ಇದು ಆಡಳಿತದ ಕೆಲಸ, ಕೋರ್ಟಿನ ಕೆಲಸವಲ್ಲ, ಆದ್ದರಿಂದ ನ್ಯಾಯದ ಸಹಜ ನಿಯಮಗಳು ಇಲ್ಲಿ ಹತ್ತುವುದಿಲ್ಲವೆಂದು ವಾದಿಸಲಾಯಿತು. ಐವರು ನ್ಯಾಯಾಧೀಶರ ಪರವಾಗಿ ತೀರ್ಪು ಬರೆದ ಹೆಗ್ಡೆಯವರು ಆ ವಾದವನ್ನು ಒಪ್ಪದೆ ಆಯ್ಕೆಯನ್ನೇ ರದ್ದು ಮಾಡಿದರು.

ಆ ತೀರ್ಪಿನ ಸಾರ ಇಷ್ಟು. ಆ ಅಧಿಕಾರಿಯು ನಿಜವಾಗಿ ಪಕ್ಷಪಾತ ಮಾಡಿದನೋ ಇಲ್ಲವೋ ಎಂದು ಅವನ ಮನಸ್ಸನ್ನು ಬಗೆದು ನೋಡಬೇಕಾಗಿಲ್ಲ. ಪಕ್ಷಪಾತವಾಗುವ ಸಂಭವವು ಸಮಂಜಸವಾಗಿ ಕಂಡುಬಂದರೆ ಸಾಕು, ಅವನು ಅಲ್ಲಿ ಕೂರಬಾರದು. ಫಲವನ್ನು ಬಯಸುವವನು ತಕ್ಕಡಿಯನ್ನು ಹಿಡಿಯಬಾರದು. ಇಂದು ಗ್ರಾಮ ಪಂಚಾಯತಿಯಿಂದ ಹಿಡಿದು ವಿಶ್ವವಿದ್ಯಾಲಯದ ನೇಮಕ ಸಮಿತಿಯವರೆಗೆ, ಅಧಿಕಾರಿಗಳು ಜನರ ಹಕ್ಕುಬಾಧ್ಯತೆಗಳನ್ನು ನಿರ್ಣಯಿಸುವ ಎಲ್ಲೆಡೆಯೂ ವಕೀಲರು ಈ ತೀರ್ಪನ್ನು ಎತ್ತಿ ಹೇಳುತ್ತಾರೆ. ಈ ಅಳತೆಗೋಲನ್ನು ವಾಚಕರು ನೆನಪಿನಲ್ಲಿಟ್ಟಿರಬೇಕೆಂದು ಕೋರುತ್ತೇನೆ. ಮುಂದೆ ಅದೇ ಕೋಲಿನಿಂದ ಹೆಗ್ಡೆಯವರ ಜೀವನವನ್ನೂ ಅಳೆಯಬೇಕಾಗಿದೆ.

1973ನೆಯ ಇಸವಿಯ ಕಥೆಗೆ ಬರೋಣ. ಕಾಸರಗೋಡಿನ ಎಡನೀರು ಮಠದ ಕೇಶವಾನಂದ ಭಾರತೀ ಸ್ವಾಮಿಗಳು, ಅಂದರೆ ಗಡಿಯಾಚೆಯ ಕನ್ನಡ ಮಠವೊಂದರ ಯತಿಗಳು, ಕೇರಳದ ಭೂಸುಧಾರಣೆಯ ವಿಷಯದಲ್ಲಿ 1970ರಲ್ಲಿ ಸುಪ್ರೀಮ್ ಕೋರ್ಟಿಗೆ ಹೋಗಿದ್ದರು. ಮಠದ ಜಮೀನಿನ ಆ ಅರ್ಜಿ ಬೆಳೆದು, ಸಂವಿಧಾನವನ್ನು ಪಾರ್ಲಿಮೆಂಟು ತನಗೆ ತೋರಿದಂತೆ ತಿದ್ದಬಹುದೆ ಎಂಬ ಮಹಾಪ್ರಶ್ನೆಯಾಯಿತು. ಹದಿಮೂರು ಮಂದಿ ನ್ಯಾಯಾಧೀಶರು ಅರುವತ್ತೆಂಟು ದಿನ ವಾದ ಕೇಳಿದರು. 1973ರ ಏಪ್ರಿಲ್ 24ರಂದು ತೀರ್ಪು ಬಂದಿತು. ಸಂವಿಧಾನವನ್ನು ತಿದ್ದಬಹುದು, ಆದರೆ ಅದರ ಮೂಲ ಸ್ವರೂಪವನ್ನು ಕೆಡಿಸುವಂತಿಲ್ಲವೆಂದು ಏಳು ಮಂದಿ ಹೇಳಿದರು. ಆರು ಮಂದಿ ಬೇರೆಯಾಗಿ ಹೇಳಿದರು. ಹೆಗ್ಡೆಯವರು ನ್ಯಾಯಾಧೀಶ ಮುಖರ್ಜಿಯವರೊಡನೆ ಕೂಡಿ ತೀರ್ಪು ಬರೆದು ಏಳರ ಕಡೆ ನಿಂತರು. ಆ ಒಂದು ಓಟಿನ ಅಂತರದ ಮೇಲೆ ಇಂದಿಗೂ ನಮ್ಮ ಗಣರಾಜ್ಯವು ನಿಂತಿದೆಯೆಂದರೆ ಅತಿಶಯೋಕ್ತಿಯಾಗದು.

ಮರುದಿನವೇ ಮುಖ್ಯ ನ್ಯಾಯಾಧೀಶ ಸಿಕ್ರಿಯವರು ನಿವೃತ್ತರಾಗುವವರಿದ್ದರು. ಹಿರಿತನದಲ್ಲಿ ಅವರ ಹಿಂದೆ ಇದ್ದವರು ಕ್ರಮವಾಗಿ ಶೇಲತ್, ಹೆಗ್ಡೆ ಮತ್ತು ಗ್ರೋವರ್. ಮೂವರೂ ಏಳು ಮಂದಿಯಲ್ಲಿದ್ದವರೇ. ಸರಕಾರವು ಮೂವರನ್ನೂ ದಾಟಿ, ಆರು ಮಂದಿಯಲ್ಲಿದ್ದ ಎ. ಎನ್. ರೇ ಅವರನ್ನು ಮುಖ್ಯ ನ್ಯಾಯಾಧೀಶರನ್ನಾಗಿ ಮಾಡಿತು. ಹಿರಿತನದ ಪದ್ಧತಿಯನ್ನು ಬಿಡದಿದ್ದರೆ ಶೇಲತ್ತರ ನಿವೃತ್ತಿಯ ನಂತರ ಹೆಗ್ಡೆಯವರು 1974ರ ಜೂನ್‌ವರೆಗೆ, ಸುಮಾರು ಹನ್ನೊಂದು ತಿಂಗಳು, ಭಾರತದ ಮುಖ್ಯ ನ್ಯಾಯಾಧೀಶರಾಗಿರುತ್ತಿದ್ದರು. ಮೂವರೂ ರಾಜಿನಾಮೆ ಕೊಟ್ಟರು. ಮುಖ್ಯ ನ್ಯಾಯಾಧೀಶರನ್ನು ಆರಿಸುವಾಗ ಅವರ ತಾತ್ತ್ವಿಕ ದೃಷ್ಟಿಯನ್ನೂ ನೋಡುವ ಅಧಿಕಾರ ತನಗಿದೆಯೆಂದು ಸರಕಾರದ ಪರವಾಗಿ ಮಂತ್ರಿ ಮೋಹನ ಕುಮಾರಮಂಗಲಂ ಅವರು ಲೋಕಸಭೆಯಲ್ಲಿ ವಾದಿಸಿದರು. ಇನ್ನೊಂದು ಸಂಗತಿಯನ್ನೂ ಮರೆಯಬಾರದು. ಪ್ರಧಾನಿ ಇಂದಿರಾ ಗಾಂಧಿಯವರ ಚುನಾವಣೆಯ ವಿರುದ್ಧ ರಾಜನಾರಾಯಣರು ಹೂಡಿದ್ದ ಅರ್ಜಿಯಲ್ಲಿ, ಅವರು ಯಾವ ದಿನದಿಂದ ಅಭ್ಯರ್ಥಿಯಾದರು ಎಂಬ ಪ್ರಶ್ನೆಯನ್ನು ವಿಚಾರಣೆ ಮಾಡಲೇಬೇಕೆಂದು 1972ರಲ್ಲಿ ಹೇಳಿದ ಪೀಠದಲ್ಲಿ ಹೆಗ್ಡೆಯವರು ಇದ್ದರು. 1975ರ ಜೂನ್ 12ರಂದು ಅಲಹಾಬಾದ್ ಹಾಯ್‌ಕೋರ್ಟು ಆ ಚುನಾವಣೆಯನ್ನು ರದ್ದುಪಡಿಸಿದಾಗ ಆ ಪ್ರಶ್ನೆಯ ತೂಕ ದೇಶಕ್ಕೆಲ್ಲ ತಿಳಿಯಿತು.

ಇಲ್ಲಿಯವರೆಗಿನ ಕಥೆಯಿಂದ ನಾನು ತೆಗೆಯುವ ಮೊದಲ ತಾತ್ಪರ್ಯವೆಂದರೆ, ರಾಜಕಾರಣದಿಂದ ನ್ಯಾಯಪೀಠಕ್ಕೆ ಬರುವ ಬಾಗಿಲನ್ನು ಮುಚ್ಚಬೇಕಾಗಿಲ್ಲ. ಹೆಗ್ಡೆಯವರು ಒಬ್ಬರೇ ಅಲ್ಲ. ಕೇರಳದ ವಿ. ಆರ್. ಕೃಷ್ಣ ಅಯ್ಯರ್ ಅವರು 1957ರ ಮಂತ್ರಿಮಂಡಲದಲ್ಲಿ ಮಂತ್ರಿಗಳಾಗಿದ್ದವರು. 1973ರಿಂದ 1980ರವರೆಗೆ ಸುಪ್ರೀಮ್ ಕೋರ್ಟಿನಲ್ಲಿ ಕುಳಿತು ಬಡವರ, ಬಂದಿಗಳ ದೂರನ್ನು ಕೇಳಿದರು. ಅಮೇರಿಕೆಯ ಅರ್ಲ್ ವಾರೆನ್ನರು ಕ್ಯಾಲಿಫೋರ್ನಿಯಾದ ಗವರ್ನರರಾಗಿದ್ದವರು. 1953ರಲ್ಲಿ ಮುಖ್ಯ ನ್ಯಾಯಾಧೀಶರಾಗಿ, ಮರುವರ್ಷವೇ ಕರಿಯ ಬಿಳಿಯ ಮಕ್ಕಳಿಗೆ ಬೇರೆ ಬೇರೆ ಶಾಲೆ ಕೂಡದೆಂಬ ತೀರ್ಪನ್ನು ಕೊಡಿಸಿದರು. ಹಳ್ಳಿಯ ಸಂತೆ, ಓಟಿನ ಸಭೆ, ಬರಗಾಲದ ಕೆಲಸ ಇವುಗಳನ್ನು ಕಣ್ಣಾರೆ ಕಂಡವನಿಗೆ ಕಾನೂನು ಪುಸ್ತಕದಲ್ಲಿಲ್ಲದ ಒಂದು ತಿಳಿವಳಿಕೆ ಬರುತ್ತದೆ. ಅದು ನ್ಯಾಯಪೀಠಕ್ಕೆ ಬೇಡವಾದ ವಸ್ತುವಲ್ಲ.

ಯುರೋಪಿನ ಚೆಕ್ ದೇಶದಿಂದ ಇನ್ನೊಂದು ಉದಾಹರಣೆಯನ್ನು ಕೊಡಬಹುದು. ಅಲ್ಲಿಯ ಪಾವೆಲ್ ರಿಖೆಟ್ಸ್ಕಿ ಎಂಬವರು ಕಾನೂನು ಪಂಡಿತರು. ಕಮ್ಯುನಿಸ್ಟ್ ಸರಕಾರದ ಕಾಲದಲ್ಲಿ ಮಾನವ ಹಕ್ಕುಗಳಿಗಾಗಿ ಹೊರಟ 1977ರ ಸನ್ನದಿಗೆ ಸಹಿ ಹಾಕಿದವರು. ಆ ಆಡಳಿತ ಬಿದ್ದ ಮೇಲೆ ರಾಜಕಾರಣಕ್ಕಿಳಿದು 1998ರಿಂದ 2003ರವರೆಗೆ ಉಪಪ್ರಧಾನಿಗಳಾಗಿದ್ದರು. 2003ರಲ್ಲಿ ನೇರವಾಗಿ ದೇಶದ ಸಂವಿಧಾನ ನ್ಯಾಯಾಲಯದ ಅಧ್ಯಕ್ಷರಾಗಿ 2023ರವರೆಗೆ ಆ ಸ್ಥಾನದಲ್ಲಿದ್ದರು. ಅವರ ಅಧ್ಯಕ್ಷತೆಯಲ್ಲಿ 2009ರಲ್ಲಿ ಆ ನ್ಯಾಯಾಲಯವು, ಪಾರ್ಲಿಮೆಂಟು ತನ್ನ ಅವಧಿಯನ್ನು ಮೊಟಕುಗೊಳಿಸಲು ಮಾಡಿದ್ದ ಸಂವಿಧಾನಾತ್ಮಕ ಕಾನೂನನ್ನೇ ರದ್ದುಗೊಳಿಸಿತು. ಎಡನೀರಿನ ಸ್ವಾಮಿಗಳ ಅರ್ಜಿಯಲ್ಲಿ ಎದ್ದ ಪ್ರಶ್ನೆ, ಅಂದರೆ ಸಂವಿಧಾನದ ತಿದ್ದುಪಡಿಗೂ ಎಲ್ಲೆಯಿದೆಯೆ ಎಂಬುದು, ಮೂವತ್ತಾರು ವರ್ಷಗಳ ತರುವಾಯ ಅಷ್ಟು ದೂರದ ದೇಶದಲ್ಲಿಯೂ ಎದ್ದಿತು. ಎರಡು ಕಡೆಯೂ ಎಲ್ಲೆಯಿದೆಯೆಂದವರಲ್ಲಿ ಹಳೆಯ ರಾಜಕಾರಣಿಗಳು ಇದ್ದರು. ಅಧಿಕಾರವು ತನ್ನ ಗೆರೆ ದಾಟುವುದನ್ನು ಒಳಗಿದ್ದು ಕಂಡವರೇ ಗೆರೆಯ ಬೆಲೆಯನ್ನು ಹೆಚ್ಚು ಬಲ್ಲರೆಂದು ನನಗೆ ತೋರುತ್ತದೆ.

ಇನ್ನು ಎರಡನೆಯ ಬಾಗಿಲು. ಅದು ನ್ಯಾಯಪೀಠದಿಂದ ಹೊರಗೆ, ಅಧಿಕಾರದ ಕಡೆಗೆ ತೆರೆಯುವ ಬಾಗಿಲು. ನನ್ನ ಮನಸ್ಸಿನಲ್ಲಿ ಭಯವಿರುವುದು ಇದರ ವಿಷಯದಲ್ಲಿ.

ಹೆಗ್ಡೆಯವರು ಈ ಬಾಗಿಲಿನಿಂದಲೂ ಹೊರಬಂದರು. ತುರ್ತು ಪರಿಸ್ಥಿತಿ ಸಡಿಲಗೊಂಡು 1977ರಲ್ಲಿ ಚುನಾವಣೆ ಬಂದಾಗ ಜನತಾ ಪಕ್ಷದಿಂದ ಬೆಂಗಳೂರು ದಕ್ಷಿಣ ಕ್ಷೇತ್ರದಲ್ಲಿ ನಿಂತು ಗೆದ್ದರು. ಆ ಸಲ ಕರ್ನಾಟಕದ 28 ಸ್ಥಾನಗಳಲ್ಲಿ 26 ಕಾಂಗ್ರೆಸ್ಸಿಗೆ ಹೋದವು. ಜನತಾ ಪಕ್ಷಕ್ಕೆ ಬಂದ ಎರಡರಲ್ಲಿ ಇದೊಂದು. ಸಂಜೀವ ರೆಡ್ಡಿಯವರು ರಾಷ್ಟ್ರಪತಿಗಳಾದುದರಿಂದ ತೆರವಾದ ಲೋಕಸಭಾಧ್ಯಕ್ಷ ಸ್ಥಾನಕ್ಕೆ ಅದೇ ಜುಲೈಯಲ್ಲಿ ಹೆಗ್ಡೆಯವರು ಆಯ್ಕೆಯಾಗಿ, 1980ರ ಜನವರಿಯವರೆಗೆ ಇದ್ದರು. ಇಲ್ಲಿ ಎರಡು ವಿಷಯಗಳನ್ನು ಗಮನಿಸಬೇಕು. ಒಂದು, ಕುರ್ಚಿ ಬಿಟ್ಟ ದಿನಕ್ಕೂ ಓಟು ಕೇಳಿದ ದಿನಕ್ಕೂ ನಡುವೆ ಸುಮಾರು ನಾಲ್ಕು ವರ್ಷ ಕಳೆದಿದ್ದವು. ಎರಡು, ಅವರಿಗೆ ಹೊಸ ಸ್ಥಾನ ಕೊಟ್ಟವರು ಅವರ ಮುಂದೆ ಕಕ್ಷಿದಾರರಾಗಿ ನಿಂತಿದ್ದ ಮಂತ್ರಿಗಳಲ್ಲ, ಜನರು. ತೀರ್ಪಿನ ಬೆಲೆಯೆಂದು ಅವರು ಏನನ್ನೂ ಪಡೆಯಲಿಲ್ಲ. ತೀರ್ಪಿನ ಬೆಲೆಯಾಗಿ ಮುಖ್ಯ ನ್ಯಾಯಾಧೀಶ ಪದವಿಯನ್ನು ಕಳೆದುಕೊಂಡರು.

ಆದರೂ ಹೆಗ್ಡೆಯವರ ಮೇಲಿನ ಗೌರವದಿಂದ ಒಂದು ಸಂಗತಿಯನ್ನು ಮರೆಮಾಚುವುದು ಅವರಿಗೇ ಅಗೌರವ. 1978ರ ನವೆಂಬರಿನಲ್ಲಿ ಇಂದಿರಾ ಗಾಂಧಿಯವರು ನಮ್ಮ ಚಿಕ್ಕಮಗಳೂರಿನಿಂದ ಗೆದ್ದು ಲೋಕಸಭೆಗೆ ಬಂದರು. ಡಿಸೆಂಬರ್ 19ರಂದು, ಸದನದ ಹಕ್ಕುಚ್ಯುತಿಯ ಆರೋಪದ ಮೇಲೆ, ಲೋಕಸಭೆಯು ಅವರ ಸದಸ್ಯತ್ವವನ್ನು ಕಳೆದು ಜೈಲಿಗೆ ಕಳಿಸಿತು. ಆಗ ಅಧ್ಯಕ್ಷಪೀಠದಲ್ಲಿದ್ದವರು ಹೆಗ್ಡೆಯವರು! ನಿರ್ಣಯ ಮಾಡಿದ್ದು ಸದನ, ಅಧ್ಯಕ್ಷರಲ್ಲ, ಇದು ನಿಜ. ಆದರೆ ಐದು ವರ್ಷಗಳ ಹಿಂದೆ ಯಾರ ಸರಕಾರದಿಂದ ತನಗೆ ಅನ್ಯಾಯವಾಯಿತೋ ಅವರ ಶಿಕ್ಷೆಯ ಪ್ರಶ್ನೆ ಬಂದಾಗ ಆ ಪೀಠದಲ್ಲಿ ಇನ್ನೊಬ್ಬರು ಇದ್ದಿದ್ದರೆ ಒಳ್ಳೆಯದಾಗುತ್ತಿತ್ತಲ್ಲವೆ? ಹೆಗ್ಡೆಯವರ ಮನಸ್ಸಿನಲ್ಲಿ ಸೇಡು ಇದ್ದಿತೆಂದು ನಾನು ಹೇಳುತ್ತಿಲ್ಲ. ಕ್ರೈಪಾಕ್ ತೀರ್ಪು ಮನಸ್ಸನ್ನು ಬಗೆಯಬೇಡವೆಂದಿತು, ಸಂಭವವನ್ನು ನೋಡೆಂದಿತು. ಆ ಕೋಲು ತನ್ನನ್ನು ಮಾಡಿದವನ ಕೈಯನ್ನೂ ಅಳೆಯುತ್ತದೆ. 1981ರಲ್ಲಿ ಮುಂದಿನ ಲೋಕಸಭೆಯು ಆ ನಿರ್ಣಯವನ್ನು ಹಿಂತೆಗೆದುಕೊಂಡಿತು.

ಹೆಗ್ಡೆಯವರಂಥ ಗಟ್ಟಿಗರ ವಿಷಯದಲ್ಲಿಯೇ ಇಂಥ ಪ್ರಶ್ನೆ ಏಳುವುದಾದರೆ ಉಳಿದವರ ಗತಿಯೇನು? ಬಹರುಲ್ ಇಸ್ಲಾಂ ಅವರು ಕಾಂಗ್ರೆಸ್ಸಿನ ರಾಜ್ಯಸಭಾ ಸದಸ್ಯರಾಗಿದ್ದು, 1972ರಲ್ಲಿ ಹಾಯ್‌ಕೋರ್ಟಿನ ನ್ಯಾಯಾಧೀಶರಾದರು. 1980ರಲ್ಲಿ ಸುಪ್ರೀಮ್ ಕೋರ್ಟಿಗೆ ಬಂದರು. 1982ರ ಡಿಸೆಂಬರಿನಲ್ಲಿ, ಬಿಹಾರದ ಕಾಂಗ್ರೆಸ್ ಮುಖ್ಯಮಂತ್ರಿಗಳ ಮೇಲಿನ ಮೊಕದ್ದಮೆಯನ್ನು ಹಿಂತೆಗೆಯಲು ಒಪ್ಪಿಗೆಯಿತ್ತ ಪೀಠದ ಬಹುಮತದಲ್ಲಿ ಅವರಿದ್ದರು. 1983ರ ಜನವರಿಯಲ್ಲಿ ರಾಜಿನಾಮೆಯಿತ್ತು ಕಾಂಗ್ರೆಸ್ಸಿನ ಅಭ್ಯರ್ಥಿಯಾದರು. ಅದೇ ವರ್ಷ ಮರಳಿ ರಾಜ್ಯಸಭೆಗೆ ಹೋದರು. ಈಚಿನ ವರ್ಷಗಳಲ್ಲಿ ಮುಖ್ಯ ನ್ಯಾಯಾಧೀಶ ರಂಜನ ಗೊಗೊಯಿಯವರು 2019ರ ನವೆಂಬರಿನಲ್ಲಿ ನಿವೃತ್ತರಾಗಿ 2020ರ ಮಾರ್ಚಿನಲ್ಲಿ ರಾಜ್ಯಸಭೆಗೆ ನಾಮಕರಣಗೊಂಡರು. ನಮ್ಮ ಕರ್ನಾಟಕದವರೇ ಆದ ನ್ಯಾಯಾಧೀಶ ಅಬ್ದುಲ್ ನಜೀರ್ ಅವರು 2023ರ ಜನವರಿಯಲ್ಲಿ ನಿವೃತ್ತರಾಗಿ ಮರುತಿಂಗಳೇ ಆಂಧ್ರಪ್ರದೇಶದ ರಾಜ್ಯಪಾಲರಾಗಿ ನೇಮಕಗೊಂಡರು. ಕಲಕತ್ತಾ ಹಾಯ್‌ಕೋರ್ಟಿನ ಅಭಿಜಿತ್ ಗಂಗೋಪಾಧ್ಯಾಯರು 2024ರ ಮಾರ್ಚಿನಲ್ಲಿ ರಾಜಿನಾಮೆ ಕೊಟ್ಟು, ಅದೇ ತಿಂಗಳು ಭಾರತೀಯ ಜನತಾ ಪಕ್ಷವನ್ನು ಸೇರಿ, ಆ ವರ್ಷವೇ ಲೋಕಸಭೆಗೆ ಗೆದ್ದರು.

ಈ ಮಹನೀಯರು ಆಸೆಗೆ ಬಿದ್ದು ತೀರ್ಪು ಕೊಟ್ಟರೆಂದು ಹೇಳುವ ಹಕ್ಕು ನನಗಿಲ್ಲ. ಹಾಗೆ ಹೇಳುತ್ತಲೂ ಇಲ್ಲ. ಯಾವ ಪಕ್ಷದ ಸರಕಾರವಿದ್ದಾಗ ಏನಾಯಿತೆಂಬುದೂ ಇಲ್ಲಿ ಮುಖ್ಯವಲ್ಲ. ಎಲ್ಲ ಪಕ್ಷಗಳ ಕಾಲದಲ್ಲಿಯೂ ಇದು ಆಗಿದೆ. ನನ್ನ ಪ್ರಶ್ನೆ ಪೇಶಿಗೆ ಹೋಗುವ ರೈತನದು. ನಾಳೆ ಪದವಿ ಕೊಡಬಲ್ಲವನು ಇಂದು ಎದುರು ಪಕ್ಷವಾಗಿ ನಿಂತಿರುವಾಗ, ಸೋತ ರೈತನು ಆ ಸೋಲನ್ನು ಪ್ರಾಮಾಣಿಕವಾದ ಸೋಲೆಂದು ನಂಬುವುದು ಹೇಗೆ? ಆರಿಸುವ ಮಂಡಳಿಯಲ್ಲಿ ಅಭ್ಯರ್ಥಿಯೇ ಕುಳಿತ ಕಾಶ್ಮೀರದ ಪ್ರಕರಣಕ್ಕೂ ಇದಕ್ಕೂ ಇರುವ ಅಂತರ ಕೂದಲೆಳೆಯಷ್ಟು.

ನಮ್ಮ ಸಂವಿಧಾನ ನಿರ್ಮಾಪಕರಿಗೆ ಇದು ಹೊಳೆದಿರಲಿಲ್ಲವೆಂದಲ್ಲ. ಸರಕಾರದ ಲೆಕ್ಕಪತ್ರ ತನಿಖೆ ಮಾಡುವ ಮಹಾಲೇಖಪಾಲನು ನಿವೃತ್ತನಾದ ಮೇಲೆ ಯಾವ ಸರಕಾರದಲ್ಲಿಯೂ ಹುದ್ದೆ ಪಡೆಯಕೂಡದೆಂದು 148ನೆಯ ಅನುಚ್ಛೇದ ಹೇಳುತ್ತದೆ. ಕೇಂದ್ರ ಲೋಕಸೇವಾ ಆಯೋಗದ ಅಧ್ಯಕ್ಷನಿಗೂ 319ನೆಯ ಅನುಚ್ಛೇದದಲ್ಲಿ ಇಂಥ ಕಟ್ಟಿದೆ. ನ್ಯಾಯಾಧೀಶನಿಗೆ ಮಾತ್ರ, ನಿವೃತ್ತನಾದ ಮೇಲೆ ವಕೀಲಿ ಮಾಡಬಾರದೆಂಬ ನಿರ್ಬಂಧವುಂಟು, ಸರಕಾರದ ಪದವಿಗೆ ನಿರ್ಬಂಧವಿಲ್ಲ. ಸಂವಿಧಾನ ಸಭೆಯಲ್ಲಿ ಪ್ರೊಫೆಸರ್ ಕೆ. ಟಿ. ಶಾ ಅವರು ಅಂಥ ನಿರ್ಬಂಧ ಬೇಕೆಂದು ಸೂಚಿಸಿದ್ದರು. ಡಾ. ಅಂಬೇಡ್ಕರರು ಒಪ್ಪಲಿಲ್ಲ. ನ್ಯಾಯಾಲಯಗಳ ಮುಂದೆ ಬರುವುದು ಹೆಚ್ಚಾಗಿ ಖಾಸಗಿ ಜನರ ವ್ಯಾಜ್ಯಗಳು, ಅವುಗಳಲ್ಲಿ ಸರಕಾರದ ಆಸಕ್ತಿ ಅತ್ಯಲ್ಪವೆಂಬುದು ಅವರ ಕಾರಣವಾಗಿತ್ತು. 1949ರಲ್ಲಿ ಆ ಮಾತು ಸರಿಯಾಗಿದ್ದಿತು. ಇಂದು ಹೊಲ, ನೌಕರಿ, ತೆರಿಗೆ, ಗಣಿ, ನೀರು, ಶಾಲೆ ಎಲ್ಲದರಲ್ಲಿಯೂ ಸರಕಾರವೇ ಒಂದು ಕಕ್ಷಿ. ಕಾರಣ ಬದಲಾಗಿರುವಾಗ ನಿಯಮವೂ ಬದಲಾಗಬೇಕು. ಸೆಟಲ್‌ವಾಡರ ಅಧ್ಯಕ್ಷತೆಯ ಕಾನೂನು ಆಯೋಗವು 1958ರಷ್ಟು ಹಿಂದೆಯೇ ನಿವೃತ್ತ ನ್ಯಾಯಾಧೀಶರು ಸರಕಾರಿ ಹುದ್ದೆಗಳನ್ನು ಸ್ವೀಕರಿಸಬಾರದೆಂದು ಸಲಹೆಯಿತ್ತಿತ್ತು. ಆ ಸಲಹೆ ಕಡತದಲ್ಲಿಯೇ ಉಳಿಯಿತು.

ಆದುದರಿಂದ ನನ್ನ ಅಭಿಪ್ರಾಯವು ಹೀಗಿದೆ. ರಾಜಕಾರಣಿಯು ನ್ಯಾಯಾಧೀಶನಾಗಬಹುದು. ಆದರೆ ಆತನ ಪಕ್ಷದ ಸಂಬಂಧವು ಮುಚ್ಚುಮರೆಯಿಲ್ಲದೆ ಎಲ್ಲರಿಗೂ ತಿಳಿದಿರಬೇಕು, ಹಳೆಯ ಸಂಗಡಿಗರ ಪ್ರಕರಣಗಳಿಂದ ಆತನು ದೂರ ಸರಿಯಬೇಕು. ನ್ಯಾಯಾಧೀಶನಾಗಿದ್ದವನು ಸರಕಾರವು ಕೊಡುವ ರಾಜ್ಯಪಾಲ, ರಾಯಭಾರಿ, ನಾಮಕರಣದ ಸದಸ್ಯತ್ವ ಮುಂತಾದುವನ್ನು ಎಂದಿಗೂ ಸ್ವೀಕರಿಸಬಾರದು. ಮಹಾಲೇಖಪಾಲನಿಗೆ ಇರುವ ಕಟ್ಟು ಅವನಿಗೂ ಇರಲಿ. ಜನರ ಬಳಿಗೆ ಓಟಿಗಾಗಿ ಹೋಗಬಯಸಿದರೆ ಹೋಗಲಿ. ಅದು ಪ್ರಜೆಯ ಹಕ್ಕು. ಆದರೆ ಪೀಠ ಬಿಟ್ಟ ಮೇಲೆ ಕನಿಷ್ಠ ನಾಲ್ಕು ವರ್ಷ ಕಳೆಯಲಿ. ಹೆಗ್ಡೆಯವರ ಜೀವನದಲ್ಲಿ ತಾನಾಗಿ ಬಂದ ಅಂತರವನ್ನು ಉಳಿದವರಿಗೆ ಕಾನೂನೇ ವಿಧಿಸಲಿ.

ಹೀಗೆ ಮಾಡಿದರೆ ಅನುಭವಿಗಳ ಸೇವೆ ದೇಶಕ್ಕೆ ತಪ್ಪುವುದಲ್ಲ, ನ್ಯಾಯಮಂಡಳಿಗಳನ್ನು ನಡೆಸುವವರು ಯಾರು ಎಂಬ ಆಕ್ಷೇಪಣೆ ಬರಬಹುದು. ಅದರಲ್ಲಿ ಹುರುಳಿಲ್ಲದಿಲ್ಲ. ಹಾಯ್‌ಕೋರ್ಟಿನವರು 62ಕ್ಕೆ, ಸುಪ್ರೀಮ್ ಕೋರ್ಟಿನವರು 65ಕ್ಕೆ ನಿವೃತ್ತರಾಗುತ್ತಾರೆ; ಇನ್ನೂ ದುಡಿಯಬಲ್ಲ ವಯಸ್ಸು. ಇದಕ್ಕೆ ಪರಿಹಾರವೆಂದರೆ ನಿವೃತ್ತಿಯ ವಯಸ್ಸನ್ನು ಏರಿಸುವುದು, ನ್ಯಾಯಮಂಡಳಿಗಳ ನೇಮಕವನ್ನು ಮಂತ್ರಿಗಳ ಕೈಯಿಂದ ತೆಗೆದು ನ್ಯಾಯಾಂಗದ ಕೈಗೆ ಕೊಡುವುದು. ಸೇವೆಗೆ ನೂರು ದಾರಿಗಳಿವೆ. ಹೆಗ್ಡೆಯವರೇ 1979ರಲ್ಲಿ ನಿಟ್ಟೆಯಲ್ಲಿ ವಿದ್ಯಾಸಂಸ್ಥೆಯೊಂದನ್ನು ಕಟ್ಟಿದರು. ಅವರು 1990ರಲ್ಲಿ ತೀರಿಕೊಂಡ ಮೇಲೂ ಅದು ಬೆಳೆದಿದೆ. ಅವರ ಮಗ ಸಂತೋಷ ಹೆಗ್ಡೆಯವರು ಸುಪ್ರೀಮ್ ಕೋರ್ಟಿನಿಂದ ನಿವೃತ್ತರಾಗಿ 2006ರಿಂದ 2011ರವರೆಗೆ ಕರ್ನಾಟಕದ ಲೋಕಾಯುಕ್ತರಾಗಿದ್ದು, ಗಣಿಗಾರಿಕೆಯ ವರದಿಯಲ್ಲಿ ಅಧಿಕಾರದಲ್ಲಿದ್ದವರನ್ನೇ ಬೊಟ್ಟುಮಾಡಿ ತೋರಿಸಿದರು. ಲೋಕಾಯುಕ್ತವೂ ನಿವೃತ್ತ ನ್ಯಾಯಾಧೀಶರ ಹುದ್ದೆಯೇ ಅಲ್ಲವೆ ಎಂದು ಕೇಳಬಹುದು. ಹೌದು. ಆದರೆ ಸರಕಾರವನ್ನು ಕಾಯುವ ಹುದ್ದೆಗೂ ಸರಕಾರವು ಕಾಯಿಸಿ ಕೊಡುವ ಹುದ್ದೆಗೂ ವ್ಯತ್ಯಾಸವುಂಟು.

ವಿದ್ಯಾರ್ಥಿ ಮಿತ್ರರೆ, ನಮ್ಮ ಈ ಕಾಲೇಜಿನಿಂದ ಪ್ರತಿವರ್ಷ ಕೆಲವರು ಕಲಬುರ್ಗಿಗೆ ಹೋಗಿ ಕಾನೂನು ಓದುತ್ತಾರೆ. ಒಂದು ಕಾಲದಲ್ಲಿ ನಮ್ಮ ಅಪೀಲಿಗಾಗಿ ಆರುನೂರು ಕಿಲೋಮೀಟರ ದೂರದ ಬೆಂಗಳೂರಿಗೆ ಹೋಗಬೇಕಾಗಿತ್ತು. 2008ರಲ್ಲಿ ಕಲಬುರ್ಗಿಗೆ ಹಾಯ್‌ಕೋರ್ಟಿನ ಸಂಚಾರಿ ಪೀಠ ಬಂದಿತು. 2013ರಲ್ಲಿ ಅದು ಕಾಯಮ್ಮಾಯಿತು. ಕೋರ್ಟು ಮನೆಯ ಹತ್ತಿರ ಬಂದಿದೆ. ಇನ್ನು ಅಲ್ಲಿ ವಾದಿಸುವವರೂ ಕುರ್ಚಿಯಲ್ಲಿ ಕೂರುವವರೂ ನಮ್ಮ ತಾಲೂಕುಗಳಿಂದಲೇ ಬರುವ ದಿನ ದೂರವಿಲ್ಲ. ನಿಮ್ಮಲ್ಲಿ ಯಾರಾದರೂ ರಾಜಕಾರಣಕ್ಕೆ ಹೋದರೆ ಸಂತೋಷ. ಅಲ್ಲಿಂದ ನ್ಯಾಯಪೀಠಕ್ಕೆ ಬಂದರೆ ಇನ್ನೂ ಸಂತೋಷ. ಆದರೆ ಒಳಗೆ ಹೋಗುವಾಗ ಪಕ್ಷವನ್ನು ಹೊರಗೆ ಬಿಡಿ. ಹೊರಗೆ ಬರುವಾಗ ಯಾರ ಮುಂದೆಯೂ ಕೈ ನೀಡಬೇಡಿ. ಹನ್ನೊಂದು ತಿಂಗಳ ಮುಖ್ಯ ನ್ಯಾಯಾಧೀಶ ಪದವಿಯನ್ನು ಕಳೆದುಕೊಂಡ ಹೆಗ್ಡೆಯವರ ಹೆಸರನ್ನು ಇಷ್ಟು ವರ್ಷಗಳ ಮೇಲೆ ಭೀಮಾ ತೀರದಲ್ಲಿ ಕುಳಿತು ನಾವು ನೆನೆಯುತ್ತಿರುವುದು ಅವರು ಪಡೆದ ಪದವಿಗಳಿಗಾಗಿ ಅಲ್ಲ, ಕಳೆದುಕೊಳ್ಳಲು ಸಿದ್ಧರಿದ್ದ ಒಂದು ಪದವಿಗಾಗಿ.